ಅಮಾವಾಸ್ಯೆಯ ಗೆರೆ

ಹೆಂಡತಿಯ ಮಿದುಳಿಗೆ ಕರೆಂಟು ಕೊಡುತ್ತಾರೆ ಎಂದು ಗೊತ್ತಾದಾಗ ಶೇಖಪ್ಪ ಮೊದಲು ಕೇಳಿದ್ದು, "ಲೈಟ್ ಹೋದ್ರ ಏನ್ ಮಾಡೂದ್ರಿ, ಮೇಡಂ?" ಎಂದು.

ಡಾಕ್ಟರ್ ವತ್ಸಲಾ ಕಟ್ಟಿ ನಗಲಿಲ್ಲ. ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವವನಿಗೆ ಕರೆಂಟಿನ ಮೇಲೆ ಭರವಸೆ ಇಲ್ಲದಿರುವುದು ಅವರಿಗೆ ಹೊಸತಾಗಿರಲಿಲ್ಲ. "ಒಳಗ ಬ್ಯಾಟರಿ ಅದರಿ, ಶೇಖಪ್ಪ. ಊರಿನ ಲೈಟ್ ಹೋದ್ರೂ ಇವರದು ಹೋಗೂದಿಲ್ಲ," ಎಂದರು.

ಪಕ್ಕದಲ್ಲಿದ್ದ ಮಹಾನಂದಾಳಿಗೆ ನಗು ಬಂತು. ನಗಲು ಹೋದವಳು ಅರ್ಧಕ್ಕೇ ಬಾಯಿ ಮುಚ್ಚಿಕೊಂಡಳು. ಮೂರ್ಛೆರೋಗಕ್ಕೆಂದು ನುಂಗುತ್ತಿದ್ದ ಮಾತ್ರೆಗಳು ಅವಳ ಒಸಡುಗಳನ್ನು ಊದಿಸಿಟ್ಟಿದ್ದವು. ಮಂದಿಯೆದುರು ಹಲ್ಲು ತೋರಿಸಲು ನಾಚಿಕೆ. ಮಾತ್ರೆ ಹೆಚ್ಚಿಸಿದರೆ ಮೂರ್ಛೆ ನಿಲ್ಲುತ್ತಿತ್ತು, ಅದರ ಜೊತೆಗೆ ಮಹಾನಂದಾಳೂ ನಿಂತುಹೋಗುತ್ತಿದ್ದಳು. ಹಗಲೆಲ್ಲ ತೂಕಡಿಕೆ, ಹೇಳಿದ್ದು ನೆನಪಿಲ್ಲ, ಕೇಳಿದ್ದು ತಲೆಗೆ ಹತ್ತುವುದಿಲ್ಲ. ಕಡಿಮೆ ಮಾಡಿದರೆ ಬಲಗೈಯ ಹೆಬ್ಬೆರಳು ಜುಮ್ಮೆನ್ನುತ್ತಿತ್ತು. ಅವಳ ಮೂರ್ಛೆ ಹುಟ್ಟುತ್ತಿದ್ದುದೇ ಅಲ್ಲಿ. ಅಲ್ಲಿಂದ ಇರುವೆ ಸಾಲು ಹತ್ತಿದ ಹಾಗೆ ಮಣಿಕಟ್ಟು, ಮೊಣಕೈ, ಹೆಗಲು, ಆಮೇಲೆ ಕತ್ತಲೆ. ಎರಡು ವರ್ಷದ ಹಿಂದೆ ಒಲೆಯ ಮುಂದೆಯೇ ಹಾಗಾಗಿ ಎಡಗೈ ಕಾದ ಹಂಚಿನ ಮೇಲೆ ಬಿದ್ದಿತ್ತು. ಊಟಕ್ಕೆ ಕುಳಿತವರೆಲ್ಲ ಓಡಿಬಂದು ಬಲಗೈಗೆ ಬೀಗದ ಕೈಗಳ ಗೊಂಚಲು ತುರುಕಲು ನೋಡುತ್ತಿದ್ದಾಗ, ಎಡಗೈಯನ್ನು ಹಂಚಿನಿಂದ ಎತ್ತಬೇಕು ಎಂದು ಹೊಳೆದದ್ದು ಶೇಖಪ್ಪನೊಬ್ಬನಿಗೆ. ಅವತ್ತಿನಿಂದ ಅವನು ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ.

ಊರ ಹೊರಗಿನ ಮಿದುಳು ಕೇಂದ್ರದವರು ಹೊಸ ಚಿಕಿತ್ಸೆಗೆ ಮಾರುದ್ದದ ಹೆಸರಿಟ್ಟಿದ್ದರು. ಬಾಯಿಗೆ ಬಾರದ ಕಾರಣ ಎಲ್ಲರೂ ಅದನ್ನು 'ಜೋಡಿ' ಎನ್ನುತ್ತಿದ್ದರು. ಒಂದು ಕರೆಂಟು, ಒಂದು ಮದ್ದು. ತಲೆಬುರುಡೆಯ ಕೆಳಗೆ, ಬಲಗೈಯನ್ನು ಆಳುವ ಮಿದುಳಿನ ಭಾಗದ ಮೇಲೆ, ರೂಪಾಯಿ ನಾಣ್ಯದಷ್ಟು ಅಗಲದ ತಗಡು ಕೂರಿಸುತ್ತಾರೆ. ಅದು ಮಿದುಳಿನ ಅಲೆಗಳನ್ನು ಹಗಲಿರುಳು ಕೇಳಿಸಿಕೊಳ್ಳುತ್ತಿರುತ್ತದೆ. ಮಾತ್ರೆಯನ್ನು ಎಂದಿನಂತೆ ನುಂಗುವುದು; ಆದರೆ ಅದರ ಮದ್ದು ಕೊಬ್ಬಿನ ಅತಿ ಸಣ್ಣ ಗುಳ್ಳೆಗಳೊಳಗೆ ಮುಚ್ಚಿಕೊಂಡು, ಯಾರಿಗೂ ಉಪದ್ರವ ಕೊಡದೆ ರಕ್ತದಲ್ಲಿ ಸುತ್ತುತ್ತಿರುತ್ತದೆ. ಮೂರ್ಛೆಯ ಸುಳಿವು ಸಿಕ್ಕ ಕೂಡಲೇ ತಗಡು ಕರೆಂಟು ಹರಿಸುತ್ತದೆ, ಕರೆಂಟು ತಾಗಿದ ಜಾಗದಲ್ಲಿ ಮಾತ್ರ ಗುಳ್ಳೆ ಒಡೆದು ಮದ್ದು ಹೊರಬರುತ್ತದೆ. ಮದ್ದೊಂದೇ ಆದರೆ ಮೈಯೆಲ್ಲ ಮಂಪರು. ಕರೆಂಟೊಂದೇ ಆದರೆ ಅರ್ಧಕ್ಕರ್ಧ ಮೂರ್ಛೆ ತಪ್ಪಿಸಿಕೊಂಡು ಬರುತ್ತಿತ್ತು. ಎರಡೂ ಕೂಡಿದರೆ ಚಿಟಿಕೆಯಷ್ಟು ಸಾಕು. ಸುಳಿವು ಹೆಚ್ಚಾದರೆ ಯಂತ್ರ ತಾನಾಗಿಯೇ ಪ್ರಮಾಣ ಏರಿಸಿಕೊಳ್ಳುತ್ತದೆ.

ಇನ್ನೂ ಪ್ರಯೋಗದ ಹಂತದಲ್ಲಿದ್ದ ಚಿಕಿತ್ಸೆ. ಅದಕ್ಕೊಂದು ಕಟ್ಟಪ್ಪಣೆಯಿತ್ತು: ಮೊದಲ ಆರು ತಿಂಗಳು ಬೆಂಕಿಯ ಹತ್ತಿರ ಹೋಗಕೂಡದು. ಹೋದರೆ ಪ್ರಯೋಗದಿಂದ ಹೊರಕ್ಕೆ, ಕರೆಂಟು ಬಂದ್.

"ಆತ್ರಿ," ಎಂದು ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ಮಹಾನಂದಾ.

ತಗಡು ಕೂರಿಸಿ, ಗಾಯ ಮಾಗುವವರೆಗೆ ಒಂದು ವಾರ ಹಾಸಿಗೆಯಲ್ಲಿ ಮಲಗಿಸಿ, ಅವಳ ಮಿದುಳಿನ ಅಲೆಗಳನ್ನು ಯಂತ್ರಕ್ಕೆ ಪಾಠ ಮಾಡಿಸಿ ಮನೆಗೆ ಕಳಿಸಿದರು. ತಗಡಿಗೆ ಕೇಳಿದ್ದೆಲ್ಲ ಅವಳ ಫೋನಿನ ಮೂಲಕ ಕೇಂದ್ರದ ನಿಗಾ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಫಯಾಜ್ ಎಂಬ ಎಂಜಿನಿಯರ್ ಪರದೆಯ ಮೇಲೆ ಓಡುವ ಗೆರೆಗಳನ್ನು ನೋಡುತ್ತ ಕುಳಿತಿರುತ್ತಿದ್ದ.

ಹಳೆಯ ಮಾತ್ರೆ ನಿಂತಿತು. ಒಸಡು ಇಳಿಯಿತು, ಕಣ್ಣಿನ ಮಂಕು ಹರಿಯಿತು, ಹೆಬ್ಬೆರಳು ಒಂದು ದಿನವೂ ಜುಮ್ಮೆನ್ನಲಿಲ್ಲ. ವರ್ಷಗಟ್ಟಲೆ ನಿದ್ದೆ ಮಾಡಿ ಎದ್ದವಳ ಹಾಗೆ ಮಹಾನಂದಾ ಮನೆಯೆಲ್ಲ ಓಡಾಡಿದಳು. ಓಡಾಡಿ ಓಡಾಡಿ ಕೊನೆಗೆ ಎಲ್ಲಿ ನಿಲ್ಲಬಾರದೋ ಅಲ್ಲಿಯೇ ಹೋಗಿ ನಿಂತಳು.

ಒಲೆಯ ಮುಂದೆ ಕಾಶವ್ವ ಇದ್ದಳು. ಮಹಾನಂದಾ ಸುಟ್ಟುಕೊಂಡ ಮೇಲೆ ರೊಟ್ಟಿಗೆಂದು ಇಟ್ಟುಕೊಂಡಿದ್ದ ಮುದುಕಿ. ಮಧ್ಯಾಹ್ನದ ಗದ್ದಲ. ಹೊರಗಿನ ಪಡಸಾಲೆಯಲ್ಲಿ ಶೇಖಪ್ಪ ಬಡಿಸುತ್ತ, "ರೊಟ್ಟಿ!" ಎಂದು ಒಂದೇ ಸಮನೆ ಕೂಗುತ್ತಿದ್ದ. ಕಾಶವ್ವನ ಮಣಿಕಟ್ಟು ಊದಿಕೊಂಡು ಕೈ ಏಳುತ್ತಿರಲಿಲ್ಲ.

"ಆಕಡೆ ಸರಿ, ಕಾಶವ್ವ. ಎರಡು ಬಡದು ಕೊಡ್ತೀನಿ."

"ಬ್ಯಾಡ ತಂಗಿ. ನಿನ್ನ ಗಂಡ ನೋಡಿದ್ರ ನನ್ನ ಹೊರಗ ಹಾಕ್ತಾನ."

"ಅವ್ರು ಒಳಗ ಎಲ್ಲಿ ಬರ್ತಾರ? ನೀ ಬೇಯಿಸು, ನಾ ಬಡಿತೀನಿ. ಬೆಂಕಿ ಮುಟ್ಟೂದಿಲ್ಲ."

ಎರಡು ರೊಟ್ಟಿಗೆಂದು ಕುಳಿತವಳು ಬುಟ್ಟಿ ತುಂಬಿದ ಮೇಲೆ ಎದ್ದಳು. ಮರುದಿನ ಕರೆಯದೇ ಬಂದಳು. ಅಂಗೈ ಕೆಳಗೆ ಹಿಟ್ಟು ತಿರುಗುತ್ತ ತೆಳ್ಳಗಾಗುವಾಗ ತಾನು ರೋಗಿ ಎಂಬುದು ಅವಳಿಗೆ ಮರೆತೇ ಹೋಗುತ್ತಿತ್ತು. ಅಷ್ಟು ಸುಖ ಅವಳಿಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಗಿರಾಕಿಗಳು ರೊಟ್ಟಿ ಮತ್ತೆ ಹಾಳೆಯಂತಾಗಿದೆ ಎಂದು ಹೊಗಳಿದರು. ಶೇಖಪ್ಪ ಅದೇ ವಾರ ಹಿಟ್ಟಿನ ಗಿರಣಿ ಬದಲಾಯಿಸಿದ್ದ, ಆ ಹೊಗಳಿಕೆಯನ್ನೆಲ್ಲ ಗಿರಣಿಯವನಿಗೆ ಕೊಟ್ಟುಬಿಟ್ಟ. ಒಳಗೆ ಬಡಿಯುವ ಸದ್ದು ಇಬ್ಬರದೂ ಒಂದೇ, ಅವನಿಗೆ ಗೊತ್ತಾಗುವುದಾದರೂ ಹೇಗೆ?

ಕೈ ಭಾರವಾಗತೊಡಗಿದ್ದು ಕೆಲವು ವಾರಗಳ ಮೇಲೆ. ಬಡಿಯುತ್ತಿದ್ದಂತೆ ಬೆರಳು ಮರಗಟ್ಟಿದ ಹಾಗಾಗುವುದು, ರೊಟ್ಟಿಯ ಅಂಚು ಹರಿಯುವುದು. ರೂಢಿ ತಪ್ಪಿದೆ, ಇನ್ನಷ್ಟು ಬಡಿದರೆ ಕೈ ಸಡಿಲವಾಗುತ್ತದೆ ಎಂದುಕೊಂಡಳು. ಆಮೇಲೆ ಮಾತು ಹೋಗತೊಡಗಿತು. ಒಂದು ದಿನ ಕಾಶವ್ವನಿಗೆ, "ಅದು ಕೊಡು, ಆ ಬಿಳೀದು... ಪಲ್ಯಾಕ್ಕ ಹಾಕ್ತೀವಲ್ಲ..." ಎಂದು ಕೈ ಚಾಚಿ ನಿಂತಳು. ಹಿಟ್ಟು, ಮೊಸರು, ಸಕ್ಕರೆ ಎಲ್ಲ ಬಾಯಿಗೆ ಬಂದವು. ಉಪ್ಪು ಮಾತ್ರ ಬರಲಿಲ್ಲ. ಕಾಶವ್ವ ಅವಳ ಮುಖವನ್ನೇ ನೋಡುತ್ತ ಉಪ್ಪಿನ ಡಬ್ಬಿ ಮುಂದಿಟ್ಟಳು.

ನಿಗಾ ಕೋಣೆಯಲ್ಲಿ ಕಂಡದ್ದು ಇನ್ನೂ ಕೆಟ್ಟದಾಗಿತ್ತು. ತಪಾಸಣೆಗೆ ಹೋದಾಗ ಫಯಾಜ್ ಪರದೆಯನ್ನು ಅವರ ಕಡೆ ತಿರುಗಿಸಿದ. ಗೆರೆ ದಿನದಲ್ಲಿ ಎರಡು ಹೊತ್ತು ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು.

"ಇಷ್ಟೂ ಮೂರ್ಛೆ ಸುಳಿವು, ಅಕ್ಕಾರ. ನಿಮಗ ಗೊತ್ತಾಗೂದ್ರೊಳಗ ಯಂತ್ರ ತಡದೈತಿ. ಆದ್ರ ದಿನದಿಂದ ದಿನಕ್ಕ ಹೆಚ್ಚಾಗಾಕತ್ತೈತಿ. ಅದೂ ಕರೆಂಟ್ ಏರಿಸ್ಕೋತ ಹೊಂಟೈತಿ."

"ಆ ಹೊತ್ತಿನ್ಯಾಗ ಏನ್ ಮಾಡ್ತಿರ್ತೀರಿ?" ಎಂದರು ಡಾಕ್ಟರ್ ಕಟ್ಟಿ.

ಶೇಖಪ್ಪ ಪಕ್ಕದಲ್ಲೇ ಇದ್ದ. ಮಹಾನಂದಾ ಸೆರಗಿನ ತುದಿ ಹಿಡಿದು, "ಏನೂ ಇಲ್ರಿ. ಸುಮ್ಮನ ಕುಂತಿರ್ತೀನ್ರಿ," ಎಂದಳು.

"ಒಂದು ಕಡ್ಡಿ ಎತ್ತಿ ಆಕಡೆ ಇಡಾಕ ಬಿಟ್ಟಿಲ್ರಿ ನಾನು," ಎಂದು ಶೇಖಪ್ಪ ಸಾಕ್ಷಿ ನುಡಿದ. ಆ ಮಾತು ಅವಳಿಗೆ ಮುಳ್ಳು ಚುಚ್ಚಿದಂತಾಯಿತು. ಆದರೂ ನಿಜ ಹೇಳುವ ಧೈರ್ಯ ಬರಲಿಲ್ಲ. ಹೇಳಿದರೆ ಕರೆಂಟು ಬಂದ್, ಮತ್ತೆ ಹಳೆಯ ಮಾತ್ರೆ, ಹಳೆಯ ಮಂಪರು. ಅದೂ ಅಲ್ಲದೆ ಅಷ್ಟು ದೊಡ್ಡ ಯಂತ್ರವೇ ಮೂರ್ಛೆ ಎನ್ನುತ್ತಿರುವಾಗ, ಜುಮ್ಮೆನ್ನದ ತನ್ನ ಹೆಬ್ಬೆರಳನ್ನು ನಂಬುವುದು ಹೇಗೆ? ರೋಗವೇ ಉಲ್ಬಣಿಸಿದೆ ಎಂದು ಅವಳೂ ನಂಬಿದಳು.

ಮನೆಗೆ ಬಂದವಳು ಬಡಿಯುವುದನ್ನು ಬಿಡಲಿಲ್ಲ. ಹೆಚ್ಚೇ ಬಡಿದಳು. ಕೈ ಇನ್ನೂ ತನ್ನದಾಗಿದೆಯೇ ಎಂದು ದಿನಾ ನೋಡಿಕೊಳ್ಳುವ ಹಟ ಅದು. ಬಡಿದಷ್ಟೂ ಕೈ ಭಾರವಾಯಿತು, ಭಾರವಾದಷ್ಟೂ ಬಡಿದಳು. ತಿಂಗಳೊಪ್ಪತ್ತಿನಲ್ಲಿ ಗಂಡನ ಹೆಸರು ಬಿಟ್ಟು ಮಿಕ್ಕ ಹೆಸರುಗಳಿಗೆಲ್ಲ ತಡಕಾಡುವಂತಾದಳು.

ಕೊನೆಗೆ ಡಾಕ್ಟರ್ ಕಟ್ಟಿ ಇಬ್ಬರನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದರು. ಮದ್ದು, ಕರೆಂಟು ಎರಡೂ ಮೇಲ್ಮಿತಿ ಮುಟ್ಟಿವೆ. ಇನ್ನು ಏರಿಸಿದರೆ ಪಕ್ಕದಲ್ಲೇ ಇರುವ ಮಾತಿನ ಭಾಗಕ್ಕೆ ಇನ್ನಷ್ಟು ಹರಡಿ ಮಾತು ಪೂರ್ತಿ ಹೋಗಬಹುದು. ನಿಲ್ಲಿಸಿದರೆ ಇಷ್ಟೂ ಮೂರ್ಛೆ ಒಟ್ಟಿಗೇ ಬಂದು ಜೀವಕ್ಕೆ ಅಪಾಯ. ಉಳಿದ ದಾರಿ ಒಂದೇ, ಮೂರ್ಛೆ ಹುಟ್ಟುವ ಆ ಚೂರನ್ನು ಕತ್ತರಿಸಿ ತೆಗೆಯುವುದು.

"ಕೈ?" ಎಂದಳು ಮಹಾನಂದಾ.

"ಬಲಗೈ ಬೆರಳು ಮೊದಲಿನಂಗ ಆಡೂದಿಲ್ಲ. ಚಮಚ ಹಿಡೀಬಹುದು. ನಾಜೂಕಿನ ಕೆಲಸ ಯಾವುದೂ ಆಗೂದಿಲ್ಲ."

ಶೇಖಪ್ಪ ಕೈಮುಗಿದ. "ಜೀವ ಉಳಿದ್ರ ಸಾಕ್ರಿ. ಆಕಿ ಕೈಲೆ ಈಗರ ಏನ್ ಕೆಲಸಾ ಮಾಡಸ್ತೀವಿ? ಗಲ್ಲಾದ ಮ್ಯಾಲೆ ಕುಂದ್ರಲಿ." ಆಮೇಲೆ, "ಅಮಾಸಿ ಒಂದು ಕಳೀಲ್ರಿ, ಮೇಡಂ. ಅಮಾಸಿಗೆ ಮುಂಚೆ ಬ್ಯಾಡ," ಎಂದ. ಡಾಕ್ಟರ್ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಅಮಾವಾಸ್ಯೆಯಂದು ಖಾನಾವಳಿ ಬಂದ್. ಆ ದಿನ ಒಲೆ ಸಾರಿಸಿ, ಹಂಚು ತೊಳೆದು ಬೋರಲು ಹಾಕಿ, ಪೂಜೆ ಮಾಡುವುದು ಅವರ ಪದ್ಧತಿ. ಹಿಟ್ಟು ಮುಟ್ಟುವಂತಿರಲಿಲ್ಲ. ಮಹಾನಂದಾ ಕಿಟಕಿಯ ಹತ್ತಿರ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ದಿನ ಕಳೆದಳು. ಹೋಗುವ ಕೈ ಎಂದು ಅದರ ಒಂದೊಂದು ಬೆರಳನ್ನೂ ಮುಟ್ಟಿ ನೋಡಿದಳು, ಅತ್ತಳು. ಸಂಜೆ ಊಟಕ್ಕೆ ಕುಳಿತಾಗ ಸಾರು ಕಲಸಿದ ಅನ್ನ ಬಾಯಿಗಿಟ್ಟು, "ಉಪ್ಪು ಕಮ್ಮಿ ಆಗೈತಿ," ಎಂದಳು. ಅಂದ ಮೇಲೆ ಏನು ಅಂದೆ ಎಂದು ಹೊಳೆದು ತುತ್ತು ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡಲು ಬಟ್ಟೆ ಕಟ್ಟುತ್ತಿದ್ದಾಗ ಫೋನು ಬಂತು.

"ಅಕ್ಕಾರ, ನಾನ್ರಿ ಫಯಾಜ್. ನಿನ್ನೆ ಏನರ ಬ್ಯಾರೆ ಮಾಡಿದ್ರ್ಯಾ? ಇಡೀ ದಿನ ಗೆರಿ ಸಪಾಟ ಐತ್ರಿ. ಒಂದು ಸುಳಿವೂ ಇಲ್ಲ. ಹೋದ ತಿಂಗಳೂ ಒಂದಿನ ಹಿಂಗ ಇತ್ತು. ಅವತ್ತು ಯಂತ್ರ ಕೆಟ್ಟೈತಿ ಅಂತ ಆ ದಿನದ್ದು ಲೆಕ್ಕದಿಂದ ತೆಗೆದುಹಾಕಿದ್ನಿ. ತಪ್ಪು ಮಾಡಿದ್ನೇನೋ ಅನ್ನಸಾಕತ್ತೈತಿ."

"ಏನೂ ಇಲ್ರಿ. ಸುಮ್ಮನ ಕುಂತಿದ್ನಿ," ಎಂದಿತು ಬಾಯಿ, ರೂಢಿಯಂತೆ.

ಫೋನು ಇಟ್ಟ ಮೇಲೆ ಅವಳು ಬೆರಳು ಮಡಚಿ ದಿನ ಎಣಿಸಿದಳು. ನಿನ್ನೆ ಅಮಾವಾಸ್ಯೆ. ಹೋದ ತಿಂಗಳ ಆ ಒಂದು ದಿನವೂ ಅಮಾವಾಸ್ಯೆಯೇ ಇರಬೇಕು. ರೊಟ್ಟಿ ಬಡಿಯದ ದಿನ ಸುಳಿವಿಲ್ಲ, ಬಡಿದ ದಿನ ಎರಡು ಹೊತ್ತು. ಯಂತ್ರ ಮೂರ್ಛೆ ಎಂದುಕೊಂಡಿದ್ದು ತನ್ನ ರೊಟ್ಟಿಯನ್ನು. ಕೈ ತಾಳ ಹಿಡಿದು ಆಡಿದಾಗ ಏಳುವ ಅಲೆಯನ್ನು ಅದು ಎಂದೂ ಕೇಳಿರಲಿಲ್ಲ. ಪಾಠ ಕಲಿತ ವಾರವೆಲ್ಲ ಅವಳು ಹಾಸಿಗೆಯಲ್ಲಿ ಕೈ ಮಡಚಿಕೊಂಡು ಮಲಗಿದ್ದಳು. ಒಂದು ಸುಳ್ಳಿಗಾಗಿ ತಾನೇ ತನ್ನ ಕೈಯನ್ನು ಕತ್ತರಿಗೆ ಒಡ್ಡಿದ್ದಳು. ಶೇಖಪ್ಪ ಅವಳ ಸೀರೆಗಳನ್ನು ಅಚ್ಚುಕಟ್ಟಾಗಿ ಮಡಚಿ ಚೀಲಕ್ಕೆ ಹಾಕುತ್ತಿದ್ದ. ಅವನ ಬೆನ್ನು ನೋಡಿದರೆ ಹೇಳಲು ನಾಲಿಗೆ ಏಳಲಿಲ್ಲ.

ಕೇಂದ್ರದಲ್ಲಿ ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ಸಹಿ ಮಾಡಲು ಅವನು ಪೆನ್ನು ತೆರೆದ. ಮಹಾನಂದಾ ಅವನ ಕೈ ಹಿಡಿದಳು.

"ಮಾಡಬ್ಯಾಡ್ರಿ." ಡಾಕ್ಟರ್ ಕಡೆ ತಿರುಗಿದಳು. "ನಾನು ಸುಳ್ಳು ಹೇಳೀನ್ರಿ, ಮೇಡಂ. ದಿನಾ ಎರಡು ಹೊತ್ತು ರೊಟ್ಟಿ ಬಡಿತೀನ್ರಿ, ಒಲಿ ಮುಂದ ಕುಂತು. ಅಮಾಸಿಗೆ ಖಾನಾವಳಿ ಬಂದ್ ಇರತೈತಿ, ಬಡೀಲಿಲ್ಲ. ಅದಕ್ಕ ನಿಮ್ಮ ಗೆರಿ ಸುಮ್ಮನಿತ್ತು."

ಶೇಖಪ್ಪ ಅವಳ ಎಡಗೈಯ ಸುಟ್ಟ ಕಲೆಯನ್ನು ನೋಡಿದ, ಮುಖ ನೋಡಿದ, ಪೆನ್ನನ್ನು ಮೇಜಿನ ಮೇಲಿಟ್ಟು ಹೊರಟೇಹೋದ.

ಡಾಕ್ಟರ್ ಕಟ್ಟಿ ಹಣೆ ಹಿಡಿದುಕೊಂಡು ಕುಳಿತರು. "ಇದು ಖರೇ ಇದ್ದರ ನಾವು ಚಲೋ ಮಿದುಳು ಕತ್ತರಿಸಲಿಕ್ಕೆ ಹೊಂಟಿದ್ವಿ. ಖರೇ ಇಲ್ಲದಿದ್ರ ಕರೆಂಟ್ ನಿಲ್ಲಿಸೋ ಅಪಾಯ ತಗೋಬೇಕು. ಹ್ಯಾಂಗ ನಂಬೂದು? ಮತ್ತೊಮ್ಮೆ ನಿಮ್ಮ ಮಾತು ನಂಬಿ?" ಆ ಮಾತು ಚುಚ್ಚಿತು.

ಎರಡು ತಾಸಿನ ಮೇಲೆ ಬಾಗಿಲು ತೆರೆಯಿತು. ಶೇಖಪ್ಪ ಬಂದಿದ್ದ. ಒಂದು ಬಗಲಲ್ಲಿ ರೊಟ್ಟಿ ಬಡಿಯುವ ಹಲಗೆ, ಇನ್ನೊಂದರಲ್ಲಿ ಜೋಳದ ಹಿಟ್ಟಿನ ಡಬ್ಬಿ, ಕೈಯಲ್ಲಿ ಬಿಸಿನೀರಿನ ಥರ್ಮಾಸು. ಹೆಂಡತಿಯ ಕಡೆ ನೋಡದೆ ಎಲ್ಲವನ್ನೂ ನೆಲದ ಮೇಲೆ ಇಟ್ಟು, "ಬಡಿ," ಎಂದ.

ನಿಗಾ ಕೋಣೆಯ ನುಣ್ಣನೆಯ ನೆಲದ ಮೇಲೆ ಮಹಾನಂದಾ ಹಿಟ್ಟು ನಾದಿದಳು. ಫಯಾಜ್ ಪರದೆಯ ಮುಂದೆ, ಡಾಕ್ಟರ್ ಸೂಜಿಮದ್ದು ತುಂಬಿಟ್ಟುಕೊಂಡು ಪಕ್ಕದಲ್ಲಿ.

"ಕರೆಂಟ್ ತೆಗೀತೀನ್ರಿ," ಎಂದ ಫಯಾಜ್. "ತೆಗೆದೆ."

ಅವಳು ಬಡಿದಳು. ಪರದೆಯ ಮೇಲೆ ಗೆರೆ ಗರಗಸದ ಹಲ್ಲು ಕಟ್ಟತೊಡಗಿತು. ಯಂತ್ರ ಕೀಚ್ ಕೀಚ್ ಎಂದು ಕೂಗಿಕೊಂಡಿತು. ಡಾಕ್ಟರ್ ಅರ್ಧ ಎದ್ದರು. ಶೇಖಪ್ಪ ಹೆಂಡತಿಯ ಹಿಂದೆ, ಬಿದ್ದರೆ ಹಿಡಿಯಲು, ಎರಡೂ ಕೈ ಚಾಚಿ ಕುಕ್ಕರಗಾಲಲ್ಲಿ ಕುಳಿತ.

"ಮಾತಾಡ್ರಿ, ಮಹಾನಂದಾ. ನಿಮ್ಮ ಊರು ಯಾವುದು?"

"ನವಲಗುಂದ್ರಿ. ಈ ಹಲಗಿ ನಮ್ಮ ಅತ್ತೀದು. ಹಿಟ್ಟು ಸ್ವಲ್ಪ ಹಸಿ ಆಗೈತಿ, ಎಸರು ಆರಿತ್ತು." ಗೆರೆ ಹುಚ್ಚೆದ್ದು ಕುಣಿಯುತ್ತಿತ್ತು, ಅವಳ ಮಾತು ತಡವರಿಸಲಿಲ್ಲ.

"ನಿಲ್ಲಸ್ರಿ."

ಕೈ ನಿಂತಿತು. ಗೆರೆಯೂ ನಿಂತಿತು. ಡಾಕ್ಟರ್ ಕಟ್ಟಿ ಕುರ್ಚಿಗೆ ಕುಸಿದು ಕುಳಿತು, "ದೇವರೇ," ಎಂದರು. ಕತ್ತರಿಸುವ ಮಾತು ಅಲ್ಲಿಗೆ ಮುಗಿಯಿತು.

ಆದರೆ ಫಯಾಜ್‌ನ ಮುಖ ಅರಳಿರಲಿಲ್ಲ. "ಯಂತ್ರಕ್ಕ ಎರಡರ ವ್ಯತ್ಯಾಸ ಕಲಸಬೇಕಲ್ರಿ, ಮೇಡಂ. ರೊಟ್ಟಿ ಅಲೆ ಸಿಕ್ಕೈತಿ. ಖರೇ ಮೂರ್ಛೆದು? ಯಂತ್ರಕ್ಕ ಪಾಠ ಮಾಡಿಸಿದ ವಾರದಾಗ ಎರಡು ಬಂದಾವು, ಎರಡೂ ನಿದ್ದಿಯೊಳಗ. ಅವು ಬ್ಯಾರೆನ ಕಾಣತಾವು. ಎಚ್ಚರ ಇದ್ದಾಗ ಬರೂ ಒಂದು ಮೂರ್ಛೆ ಪೂರಾ ಸಿಗಬೇಕು. ಇಲ್ಲಾಂದ್ರ ಅದು ರೊಟ್ಟಿ ಬಡಿದಾಗೆಲ್ಲ ಕರೆಂಟ್ ಕೊಟ್ಟಕೋತ ಹೋಗತೈತಿ. ಅದು ಬ್ಯಾಡಂದ್ರ ಅಕ್ಕಾರು ಜೀವಮಾನ ಪೂರ್ತಿ ಕೈ ಆಡಿಸದ ಕುಂದ್ರಬೇಕು."

"ಅಂದ್ರ ಬರಿಸಬೇಕೇನು?" ಶೇಖಪ್ಪ ಎದ್ದು ನಿಂತ. "ಆಗೂದಿಲ್ಲ. ನಾ ಬಿಡೂದಿಲ್ಲ. ಒಮ್ಮೆ ನೋಡೀನಿ, ಸಾಕು. ರೊಟ್ಟಿ ಹಾಳಾಗಿ ಹೋಗ್ಲಿ."

ಮಹಾನಂದಾ ಬೆರಳಿಗಂಟಿದ ಹಿಟ್ಟು ಉಜ್ಜಿ ತೆಗೆಯುತ್ತಿದ್ದಳು. ಆ ಕತ್ತಲೆ ಎಂಥದೆಂದು ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. "ಬರ್ಲಿ," ಎಂದಳು. "ಸುಳ್ಳು ಹೇಳಿದಾಕಿ ನಾನು. ಒಂದು ಬರ್ಲಿ."

ಮದ್ದು ಇಳಿಸಿ, ಕರೆಂಟು ತೆಗೆದು, ರಾತ್ರಿಯಿಡೀ ನಿದ್ದೆಗೆಡಿಸಿದರು. ತಡೆಯಿಲ್ಲದೆ ಬಂದರೆ ಎಷ್ಟು ಜೋರಾಗಿ ಬರುತ್ತದೋ, ಕೈ ಏನಾಗುತ್ತದೋ ಹೇಳಲಾಗದು ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ತಿಳಿಸಿದರು. ಮರುದಿನ ಬೆಳಕು ಹರಿದು, ಊಟದ ಹೊತ್ತಾಯಿತು. ಶೇಖಪ್ಪ ಅವಳ ಪಕ್ಕ ಬಿಟ್ಟು ಕದಲಲಿಲ್ಲ, ಒಂದು ಮಾತೂ ಆಡಲಿಲ್ಲ.

ಆಮೇಲೆ ಹೆಬ್ಬೆರಳು ಜುಮ್ಮೆಂದಿತು.

ಎಷ್ಟೋ ತಿಂಗಳ ಮೇಲೆ ಬಂದರೂ ಅವಳಿಗೆ ಒಂದು ಕ್ಷಣವೂ ಗುರುತು ತಪ್ಪಲಿಲ್ಲ. "ಬಂತ್ರಿ," ಎಂದಳು. "ಹೆಬ್ಬಟ್ಟಿನ್ಯಾಗ ಐತಿ. ಮಣಿಕಟ್ಟಿಗೆ ಬಂತು... ತಮ್ಮಾ, ಸಿಗಾಕತ್ತೈತಿಲ್ಲೋ?"

"ಸಿಗಾಕತ್ತೈತ್ರಿ, ಅಕ್ಕಾರ!"

"ಮೊಣಕೈ..." ಗಂಡನ ಕಡೆ ತಿರುಗಿದಳು. "ಹಿಡ್ಕೋರಿ ನನ್ನ."

ಅವನು ಹಿಡಿದುಕೊಂಡ. ಅಲ್ಲಿಂದಾಚೆ ಅವಳಿಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಮಂಚದ ಮೇಲಿದ್ದಳು. ನಾಲಿಗೆ ಕಚ್ಚಿಹೋಗಿ ಬಾಯಿ ಉರಿಯುತ್ತಿತ್ತು. ಫಯಾಜ್ ಬಾಗಿಲಲ್ಲಿ ನಿಂತು ಉಬ್ಬಿದ ದನಿಯಲ್ಲಿ ಹೇಳುತ್ತಿದ್ದ: "ಎರಡೂ ಬ್ಯಾರೆ ಬ್ಯಾರೆ ಅದಾವ್ರಿ! ರೊಟ್ಟೀದು ಇದ್ದಲ್ಲೇ ಇರತೈತಿ, ಇದು ಹತ್ತಕೋತ ಹೋಗತೈತಿ. ಯಂತ್ರ ಕಲೀತು, ಅಕ್ಕಾರ." ಅವಳಿಗೆ ನಗು ಬಂದು, ಹಳೆಯ ರೂಢಿಯಂತೆ ಬಾಯಿ ಮುಚ್ಚಿಕೊಳ್ಳಲು ಬಲಗೈ ಎತ್ತಹೋದಳು. ಕೈ ಏಳಲಿಲ್ಲ. ಎಡಗೈಯಿಂದ ಮುಟ್ಟಿ ನೋಡಿದರೆ ಯಾರದೋ ಕೈ ಮುಟ್ಟಿದ ಹಾಗಿತ್ತು.

"ಜೋರಾಗಿ ಬಂದ ಮ್ಯಾಲೆ ಕೈ ಸ್ವಲ್ಪ ಹೊತ್ತು ಸೋತಿರ್ತದ," ಎಂದರು ಡಾಕ್ಟರ್. "ಬರ್ತದ."

"ಬರ್ಲಿಲ್ಲಂದ್ರ?"

ಡಾಕ್ಟರ್ ಅವಳ ಅಂಗೈ ಕೆಳಗೆ ತಮ್ಮ ಬೆರಳಿಟ್ಟು, "ಒತ್ತರಿ," ಎಂದರು. ಏನೂ ಆಗಲಿಲ್ಲ. ಚಹಾದ ಹೊತ್ತಿಗೆ ಬಂದು ಮತ್ತೆ ಕೇಳಿದರು. ಆಗಲೂ ಆಗಲಿಲ್ಲ. ಎರಡನೆಯ ಸಲ ಅವರು 'ಬರ್ತದ' ಎನ್ನಲಿಲ್ಲ. ಆಚೆ ಹೋಗಿ ಯಾರಿಗೋ ಸಣ್ಣ ದನಿಯಲ್ಲಿ ಫೋನು ಮಾಡಿದರು.

ಶೇಖಪ್ಪ ಮಂಚದ ಅಂಚಿಗೆ ಕುಳಿತು ಆ ಸೋತ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಒಂದೊಂದೇ ಬೆರಳು ನೀವಿದ. ನಿನ್ನೆಯಿಂದ ಮೊದಲ ಸಲ ಬಾಯಿಬಿಟ್ಟ.

"ಹೋಗ್ಲಿ ಬಿಡು, ಮಾನಂದಾ. ಅಳಬ್ಯಾಡ. ನಾ ಬಡಿತೀನಿ."

"ಏನ್ ಬಡಿತೀರಿ?"

"ರೊಟ್ಟಿ. ಅದರಾಗೇನ್ ದೊಡ್ಡದೈತಿ? ಹಿಟ್ಟು, ನೀರು, ಮ್ಯಾಲೆ ಎರಡು ಏಟು. ಹೆಂಗಸರು ಸುಮ್ಮನ ಏನೋ ದೊಡ್ಡ ವಿದ್ಯಾ ಅನ್ನೂಹಂಗ..."

ಮಹಾನಂದಾಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಮಾತು ಬರುವ ಮೊದಲೇ ಸಿಟ್ಟು ಎಲ್ಲಿಗಿಳಿಯಿತೋ ಅವಳಿಗೂ ಗೊತ್ತಾಗಲಿಲ್ಲ. ಶೇಖಪ್ಪ, "ಅಯ್ಯಯ್ಯಪ್ಪೋ!" ಎಂದು ಕಿರುಚಿ ಎದ್ದು ನಿಂತ.

ಡಾಕ್ಟರ್ ಓಡಿಬಂದರು. "ಏನಾತ್ರಿ?"

"ಚಿವುಟಿದ್ಲ್ರಿ! ತೊಡೀ ಮಾಂಸ ಕಿತ್ತು ಬರೂಹಂಗ ಚಿವುಟಿದ್ಲು!"

"ಯಾವ ಕೈಲೆ?"

ಶೇಖಪ್ಪ ಹಾಸಿಗೆಯ ಕಡೆ ನೋಡಿದ. ಮಹಾನಂದಾಳೂ ನೋಡಿಕೊಂಡಳು.

"ಬಲಗೈಲೆ," ಎಂದ ಅವನು. "ಬಲಗೈಲೇರಿ, ಮೇಡಂ," ಎನ್ನುತ್ತ ಅಲ್ಲೇ ಮಂಚದ ಕಾಲು ಹಿಡಿದು ಕುಳಿತು, ಸಣ್ಣ ಮಕ್ಕಳ ಹಾಗೆ ಅಳತೊಡಗಿದ.